ಸಂಬಂಧವಿಲ್ಲದ ಕಾಗದಗಳು

ಹಾನಗಲ್ಲ
೩ ಅಕ್ಟೋಬರ್ ೧೯೪೨

ಚಿ. ಸರೋಜವ್ವಳಿಗೆ ಅಪ್ಪನ ಆಶೀರ್ವಾದ.

ಇದನ್ನು ಟಪಾಲಿಗೆ ಹಾಕಿಲ್ಲ. ಸವಣೂರಿನ ವೀಳ್ಯದೆಲೆ ವ್ಯಾಪಾರಿ ಖಾದರಸಾಬ ನಿಮ್ಮ ಹಿರೇಕೆರೂರಿನ ಸಂತೆಗೆ ಹೊರಟಿದ್ದ. ಅವನ ಎಲೆಯ ಪೆಂಡಿಯೊಳಗೆ ಇಟ್ಟು ಕಳಿಸಿದ್ದೇನೆ. ಟಪಾಲಿನ ಕಾಗದಗಳನ್ನು ಈಗ ಒಡೆದು ಓದುತ್ತಾರೆ. ನೀನು ಓದಿ ಒಲೆಗೆ ಹಾಕು.

ಹದಿನೈದು ದಿನದ ಹಿಂದೆ ಆಡೂರಿನಾಚೆಯ ಹಳ್ಳಿಯಲ್ಲಿ ಚಳವಳಿಯವರು ಚಾವಡಿಗೆ ಬೆಂಕಿ ಹಚ್ಚಿದ ಸುದ್ದಿ ನಿನಗೂ ಮುಟ್ಟಿರಬೇಕು. ಅವರು ಸುಡಲು ಹೋದದ್ದು ಕಂದಾಯದ ದಫ್ತರಗಳನ್ನು. ಒಳಗೆ ಜ್ವರ ಬಂದು ಮಲಗಿದ್ದ ಚಾವಡಿಯ ಆಳು, ಓಲೇಕಾರ ಮಾರೆಪ್ಪನಿಗೂ ಬೆಂಕಿ ಹತ್ತಿತು. ನಮ್ಮೂರ ದವಾಖಾನೆಯಲ್ಲಿ ಐದು ದಿನ ನರಳಿ ಜೀವ ಬಿಟ್ಟ. ಸಾಯುವ ಮೊದಲು ಮಾಮಲೇದಾರ ಸಾಹೇಬರ ಮುಂದೆ ಹೇಳಿಕೆ ಕೊಟ್ಟಿದ್ದಾನೆ. ಅದರಲ್ಲಿ ನಮ್ಮ ಮೈಲಾರಪ್ಪನ ಹೆಸರಿದೆ. ಸಿಕ್ಕರೆ ಖೂನಿ ಖಟ್ಲೆ, ಖಟ್ಲೆಯಾದರೆ ನೇಣು.

‘ನಮ್ಮ’ ಎಂದು ಬರೆದುಬಿಟ್ಟೆ. ನಿನ್ನೆಯಿಂದ ಹಾಗೆ ಬರೆಯುವ ಅಧಿಕಾರ ನನಗಿಲ್ಲ. ಜಿಲ್ಲೆಯ ಕಚೇರಿಯಿಂದ ಹುಕುಂ ಬಂದಿತ್ತು: ರೆಕಾರ್ಡ ಕಾರಕೂನ ಉಳವಪ್ಪನಿಗೂ ಫರಾರಿ ಮೈಲಾರಪ್ಪನಿಗೂ ಏನು ನಂಟು ಎಂಬುದನ್ನು ಬರೆಸಿ ಕಳಿಸಿರಿ ಎಂದು. ಶಿರಸ್ತೇದಾರರು ಕೂಡ್ರಿಸಿಕೊಂಡು ಹೇಳಿದರು: “ಅವ ನಾಕ ವರ್ಷದವಿದ್ದಾಗ ಆಡೂರ ಅಜ್ಜಪ್ಪಗ ದತ್ತಕ ಕೊಟ್ಟೀರಿ. ಅಜ್ಜಪ್ಪ ನಿಮಗ ಬೀಗನೂ ಅಲ್ಲ, ಬಳಗನೂ ಅಲ್ಲ. ಕಾಯಿದೇ ಪ್ರಕಾರ ಆ ಹುಡುಗ ನಿಮಗ ಏನೂ ಆಗಂಗಿಲ್ಲ. ಇದ್ದದ್ದ ಬರ್ಯಾಕ ಯಾಕ ಅಂಜತೀರಿ? ಸಹಿ ಮಾಡ್ರಿ.” ಇಂಗ್ಲಿಷ್‌ನಲ್ಲಿ ಎರಡೇ ಸಾಲು. ನಾನು ಅವನೊಡನೆ ‘ಅನ್‌ಕನೆಕ್ಟೆಡ್’ ಎಂದು ಬರೆದಿತ್ತು. ಸಹಿ ಮಾಡಿದೆ. ನೌಕರಿ ಹೋದೀತೆಂಬ ಅಂಜಿಕೆ, ಮಗಳೇ. ಬೇರೆ ಯಾವ ದೊಡ್ಡ ಕಾರಣವೂ ಇಲ್ಲ.

ಆ ಶಬ್ದ ನನಗೆ ಹೊಸದಲ್ಲ. ನಮ್ಮ ದಫ್ತರಖಾನೆಯಲ್ಲಿ ಯಾವ ಫೈಲಿಗೂ ಸೇರದ ಕಾಗದಗಳನ್ನು ಒಂದು ಕೆಂಪು ರುಮಾಲಿನಲ್ಲಿ ಕಟ್ಟಿ, ಮೇಲೆ ಇದೇ ಶಬ್ದ ಬರೆದ ಚೀಟಿ ಅಂಟಿಸುತ್ತೇವೆ. ಮಾರ್ಚ್ ಅಖೈರಿಗೆ, ವರ್ಷದ ಲೆಕ್ಕ ಮುಗಿದಾಗ, ಕಚೇರಿಯ ಹಿತ್ತಿಲಲ್ಲಿ ಆ ಗಂಟನ್ನು ಸುಡುವುದು ರೂಢಿ. ಇಪ್ಪತ್ತಾರು ವರ್ಷ ಆ ಚೀಟಿ ಬರೆದಿದ್ದೇನೆ, ಅರ್ಥದ ಗೊಡವೆಗೆ ಹೋಗಿರಲಿಲ್ಲ. ನೀನು ಕಲಿಸುವ ಶಾಲೆಯಲ್ಲಿ ದೊಡ್ಡ ಡಿಕ್ಷನರಿ ಇದೆಯಲ್ಲ, ಒಮ್ಮೆ ನೋಡಿ ತಿಳಿಸು. ನಾನು ಏನಕ್ಕೆ ಸಹಿ ಹಾಕಿದೆನೆಂದು ಪೂರ್ತಿ ತಿಳಿಯಬೇಕು.

ಮಾರೆಪ್ಪನ ಹೇಳಿಕೆಯ ಹಾಳೆ ನಕಲು ಮಾಡಲೆಂದು ನನ್ನ ಕೈಗೇ ಬಂದಿದೆ. ಸಾಹೇಬರು ವಿಷಮಜ್ವರದಿಂದ ಹಾಸಿಗೆ ಹಿಡಿದಿದ್ದಾರೆ. ಆ ಹಾಳೆ ಇನ್ನೂ ಯಾವ ವಹಿಯಲ್ಲೂ ದಾಖಲಾಗಿಲ್ಲ. ಅದರ ವಿಷಯ ಇಷ್ಟೇ ಸಾಕು.

ನಿನ್ನ ತಂದೆ
ಉಳವಪ್ಪ


ಹಿರೇಕೆರೂರು
೧೪ ಅಕ್ಟೋಬರ್ ೧೯೪೨

ತೀರ್ಥರೂಪ ಅಪ್ಪನವರಿಗೆ ಸರೋಜವ್ವನ ನಮಸ್ಕಾರಗಳು.

ಡಿಕ್ಷನರಿ ನೋಡಿದೆ. ಮೂರು ಅರ್ಥ ಕೊಟ್ಟಿದ್ದಾರೆ. ಒಂದಕ್ಕೊಂದು ಕೂಡಿಕೊಂಡಿಲ್ಲದ್ದು, ಇದು ಮೊದಲನೆಯದು. ಮೇಲಿನವರಲ್ಲಿ ತನ್ನವರು ಅಂತ ಯಾರೂ ಇಲ್ಲದ ಮನುಷ್ಯ, ಇದು ಎರಡನೆಯದು. ತಲೆ ಬುಡ ಇಲ್ಲದ ಮಾತಿಗೂ ಹಾಗೆನ್ನುತ್ತಾರಂತೆ, ಅದು ಮೂರನೆಯದು. ನಿಮ್ಮ ಸಹಿ ಯಾವ ಅರ್ಥದ್ದೋ ನೀವೇ ಆರಿಸಿಕೊಳ್ಳಿ. ಕೆಳಗೆ ಅದರ ವಿರುದ್ಧ ಶಬ್ದವನ್ನೂ ಕೊಟ್ಟಿದ್ದಾರೆ, ಅದನ್ನು ಬರೆದು ನಿಮ್ಮನ್ನು ಇನ್ನಷ್ಟು ಅಂಜಿಸುವುದಿಲ್ಲ.

ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದೇಕೆ? ದತ್ತಕ ಕೊಟ್ಟಾಗ ನನಗೆ ಏಳು ವರ್ಷ. ಅವ್ವ ಮೂರು ದಿನ ಊಟ ಬಿಟ್ಟು ಮಲಗಿದ್ದಳು. ನೀವು ಅಂದೂ ಸಹಿ ಮಾಡಿದಿರಿ. ಅವ್ವ ಸತ್ತು ಒಂಬತ್ತು ವರ್ಷವಾಯಿತು, ಇಲ್ಲದಿದ್ದರೆ ಈ ಎರಡನೆಯ ಸಹಿಗೆ ಉತ್ತರವನ್ನು ಅವಳೇ ಕೇಳುತ್ತಿದ್ದಳು.

ಮೈಲಾರಪ್ಪ ಬದುಕಿದ್ದಾನೆ. ಸೋಮವಾರ ಮಧ್ಯಾಹ್ನ ಶಾಲೆಯ ಮಕ್ಕಳು ಊಟಕ್ಕೆ ಹೋದಾಗ ಎಲೆಯ ಬುಟ್ಟಿ ಹೊತ್ತ ಗಡ್ಡದವನೊಬ್ಬ ಬಂದ. ಎಲೆ ಬೇಡ ಎಂದೆ. “ಅಕ್ಕಾ” ಅಂದ. ನನ್ನ ಕೈಯಲ್ಲಿದ್ದ ನೀರಿನ ತಂಬಿಗೆ ಬಿದ್ದೇ ಹೋಯಿತು. “ಒಳಗ ಮನಷಾ ಅದಾನ ಅಂತ ನನಗ ಗೊತ್ತಿರಲಿಲ್ಲಕ್ಕ. ಹೊರಗಿಂದ ಚಿಲಕ ಹಾಕಿತ್ತು. ನೀ ಒಬ್ಬಾಕೆರ ನಂಬು” ಎಂದ. ಇನ್ನೇನೋ ಹೇಳುವವನಿದ್ದ. ಅಷ್ಟರಲ್ಲಿ ನಮ್ಮ ಶಾಲೆಯ ಹೆಡ್‌ ಬಾಯಿಯವರು ಬಂದರು, ಅವನು ಎಲೆ ಎಣಿಸಿ ಕೊಟ್ಟು ಹೋಗಿಬಿಟ್ಟ. ಸವಣೂರು ನವಾಬರ ಸಂಸ್ಥಾನ, ಇಂಗ್ಲಿಷರ ಪೊಲೀಸರು ಅಲ್ಲಿ ಹೇಳದೆ ಕೇಳದೆ ಹೊಗುವಂತಿಲ್ಲ. ಖಾದರಸಾಬರ ಎಲೆಯ ತೋಟದಲ್ಲಿ ಇದ್ದಾನೆಂದು ಕಾಣುತ್ತದೆ. ನಾನು ಕೇಳಲಿಲ್ಲ. ಕೇಳಿದರೆ ಗೊತ್ತಾಗುತ್ತದೆ, ಗೊತ್ತಾದದ್ದನ್ನು ಹೊಡೆದು ಹೇಳಿಸುತ್ತಾರೆ.

ಅಂದಿನಿಂದ ಬಾಗಿಲ ಮುಂದೆ ಬೂಟಿನ ಸಪ್ಪಳವಾದರೆ ದೀಪ ಆರಿಸಿ ಕೂಡ್ರುತ್ತೇನೆ. ಗಂಡ ಸತ್ತಾಗಲೂ ನಾನು ಇಷ್ಟು ಅಂಜಿರಲಿಲ್ಲ.

ನಿಮ್ಮ ಕಾಗದವನ್ನು ಒಲೆಗೆ ಹಾಕಿಲ್ಲ, ಹಾಕುವುದೂ ಇಲ್ಲ.

ನಿಮ್ಮ ಮಗಳು
ಸರೋಜವ್ವ


ಹಾನಗಲ್ಲ
೨ ಏಪ್ರಿಲ್ ೧೯೪೩
(ಟಪಾಲ ಕಾರ್ಡು)

ಚಿ. ಸರೋಜವ್ವಳಿಗೆ ಆಶೀರ್ವಾದ.

ನಾನು ಆರಾಮ. ಇಲ್ಲಿ ಬಿಸಿಲು ಜೋರು. ಮಾರ್ಚ್ ಅಖೈರಿನ ಕೆಲಸ ಮುಗಿಯಿತು. ಹುಣಸೆಹಣ್ಣು ಈ ಸಲ ಚಲೋ ಬಂದಿದೆ, ಕಳಿಸುತ್ತೇನೆ. ಮಾಮಲೇದಾರರು ತೀರಿಕೊಂಡು ಐದು ತಿಂಗಳಾಯಿತು, ಹೊಸಬರು ಇನ್ನೂ ಬಂದಿಲ್ಲ. ಬಲಗೈಗೆ ಸ್ವಲ್ಪ ನೋವಾಗಿದೆ, ಎಡಗೈಯಿಂದ ಬರೆದಿದ್ದೇನೆ. ಕಾಗದದ ಎರಡೂ ಮಗ್ಗಲು ನೋಡುವುದು ಒಳ್ಳೆಯದು. ಹುಣಸೆಹಣ್ಣು ಬೀಜ ತೆಗೆದು ಕಳಿಸಲೋ ಹಾಗೇ ಕಳಿಸಲೋ ತಿಳಿಸು.

ಉಳವಪ್ಪ


ಹಿರೇಕೆರೂರು
೯ ಏಪ್ರಿಲ್ ೧೯೪೩

ಅಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಕಾರ್ಡು ಓದಿದರೆ ಡಿಕ್ಷನರಿಯ ಮೂರನೆಯ ಅರ್ಥವೇ ಕಣ್ಣಿಗೆ ಕಟ್ಟುತ್ತದೆ. ಬಿಸಿಲು, ಹುಣಸೆಹಣ್ಣು, ಮಾಮಲೇದಾರರು, ಮತ್ತೆ ಹುಣಸೆಹಣ್ಣು! ನಗಬೇಕೆಂದೆ, ನಗು ಬರಲಿಲ್ಲ. ಕೈಗೆ ಏನಾಯಿತು? ಕಾಗದದ ಎರಡು ಮಗ್ಗಲೆಂದರೆ ಏನು? ಖಾದರಸಾಬರು ಬುಧವಾರ ನಿಮ್ಮ ಕಡೆ ಬರುತ್ತಾರೆ. ಅವರ ಕೈಯಲ್ಲಿ ಸರಿಯಾಗಿ ಬರೆದು ಕಳಿಸಿರಿ.

ಸರೋಜವ್ವ


ಹಾನಗಲ್ಲ
೨೩ ಮೇ ೧೯೪೩

ಚಿ. ಸರೋಜವ್ವ,

ಒಂದೂವರೆ ತಿಂಗಳು ನಿನಗೆ ಉತ್ತರ ಬರೆಯಲಿಲ್ಲ. ಖಾದರಸಾಬ ಮೂರು ಸಲ ಬಂದು ಬರಿಗೈಯಲ್ಲಿ ಹೋದ. ಇನ್ನು ಬರೆಯದೆ ಗತಿಯಿಲ್ಲ. ಮೈಲಾರಪ್ಪ ಸಿಕ್ಕಿಬಿದ್ದ. ಸವಣೂರಿನ ಸೀಮೆ ದಾಟಿ ಶಿಗ್ಗಾಂವದ ಬಸ್ಸು ಹತ್ತುವಾಗ ಹಿಡಿದರು. ಧಾರವಾಡಕ್ಕೆ ಒಯ್ದಿದ್ದಾರೆ. ಖಟ್ಲೆ ಸೆಪ್ಟೆಂಬರಿನಲ್ಲಿ.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಓದುವಾಗ ಕೂತುಕೋ.

ಮಾರೆಪ್ಪನ ಹೇಳಿಕೆ ನನ್ನ ಮೇಜಿಗೆ ಬಂದಾಗ ಮೊದಲ ಸಾಲಿನಲ್ಲೇ ಹುಡುಗನ ಹೆಸರು ಕಂಡಿತು. ಪುಟದ ಕೊನೆಯವರೆಗೆ ಓದಿದೆ. ಬೆಂಕಿ ಹಚ್ಚಿದವರಲ್ಲಿ ಅವನಿದ್ದ, ಕಿಟಕಿಯಿಂದ ಕಂಡೆ, ಇಷ್ಟು ಬರೆದಿತ್ತು. ನಕಲು ಮಾಡಲಿಲ್ಲ, ವಹಿಯಲ್ಲಿ ಏರಿಸಲಿಲ್ಲ. ಕೆಂಪು ರುಮಾಲಿನ ಗಂಟು ಬಿಚ್ಚಿ ಸಂಬಂಧವಿಲ್ಲದ ಕಾಗದಗಳ ನಡುವೆ ತುರುಕಿದೆ. ಸಾಹೇಬರು ಹಾಸಿಗೆಯಿಂದ ಏಳಲೇ ಇಲ್ಲ. ಅವರು ತೀರಿಕೊಂಡ ದಿನ ಊರೆಲ್ಲ ಅತ್ತಿತು. ನನಗೆ ಒಳಗೊಳಗೆ ಸಮಾಧಾನವಾಯಿತು, ಅಷ್ಟು ಕೆಟ್ಟವನಾದೆ.

ಮಾರ್ಚ್ ಮೂವತ್ತೊಂದಕ್ಕೆ ಮಧ್ಯಾಹ್ನ ಹಿತ್ತಿಲಲ್ಲಿ ಗಂಟು ಸುರುವಿ ಬೆಂಕಿ ಹಚ್ಚಿದೆ. ಆ ಹಾಳೆ ಎಲ್ಲಕ್ಕೂ ಮೇಲೆ ಬಿತ್ತು. ಕಾವಿಗೆ ಅಂಚು ಸುರುಳಿಯಾಗಿ ತಾನಾಗಿ ಮಗುಚಿಕೊಂಡಿತು. ಹಿಂಬದಿಯಲ್ಲೂ ಬರೆದಿತ್ತು, ಸರೋಜವ್ವ.

ನಮ್ಮ ಕಚೇರಿಯಲ್ಲಿ ಹೇಳಿಕೆಗಳನ್ನು ಹಾಳೆಯ ಒಂದೇ ಮಗ್ಗುಲಿಗೆ ಬರೆಯುವುದು ಹಿಂದಿನಿಂದ ಬಂದ ಪದ್ಧತಿ. ಹಿಂಬದಿ ಯಾವಾಗಲೂ ಖಾಲಿ, ತಿರುವಿ ನೋಡುವ ಮಾತೇ ಇಲ್ಲ. ಯುದ್ಧದಿಂದ ಕಾಗದದ ಕೊರತೆ ಬಂದ ಮೇಲೆ ಎರಡೂ ಮಗ್ಗುಲಿಗೆ ಬರೆಯಿರೆಂದು ಕಳೆದ ವರ್ಷ ಸರಕ್ಯುಲರ್ ಬಂತು. ಹಳ್ಳಿಹಳ್ಳಿಯ ಕುಲಕರ್ಣಿಗಳಿಗೆ ಅದರ ನಕಲು ಬರೆದು ಕಳಿಸಿದವನು ನಾನೇ. ಬರೆದ ಕೈಗೆ ಗೊತ್ತಿತ್ತು, ಇಪ್ಪತ್ತಾರು ವರ್ಷದ ರೂಢಿಗೆ ಗೊತ್ತಾಗಲಿಲ್ಲ.

ಎರಡು ಸಾಲು ಓದಲು ಸಿಕ್ಕವು. ‘ಒಳಗೆ ನಾನಿದ್ದದ್ದು ಮೈಲಾರಪ್ಪನಿಗೆ ತಿಳಿದಿರಲಿಲ್ಲ. ನಾನು ಕೂಗಿದಾಗ ಚಿಲಕ ತೆಗೆದು ಒಳಗೆ ಬಂದು ನನ್ನನ್ನು ಹೊರಗೆ ಎಳೆದವನು ಅವನೇ.’ ಕೈ ಹಾಕಿದೆ. ಮೂರು ಬೆರಳು ಸುಟ್ಟವು, ಹಾಳೆ ಉಳಿಯಲಿಲ್ಲ. ಮಗನ ಕೊರಳು ಉಳಿಸಬಹುದಾದ ಒಂದೇ ಕಾಗದವನ್ನು ನಾನೇ ನಿಂತು ಸುಟ್ಟೆ.

ಇದನ್ನು ಯಾರಿಗೆ ಹೇಳಲಿ? ಹೇಳಿದರೆ ನಾನು ಜೇಲಿಗೆ, ಹೇಳದಿದ್ದರೆ ಅವನು ನೇಣಿಗೆ.

ಉಳವಪ್ಪ


ಹಿರೇಕೆರೂರು
೧೧ ಜೂನ್ ೧೯೪೩

ಅಪ್ಪನವರಿಗೆ,

ನಿಮ್ಮ ಕಾಗದ ಬಂದ ದಿನ ಉತ್ತರ ಬರೆದಿದ್ದರೆ ಆಡಬಾರದ್ದನ್ನು ಬರೆಯುತ್ತಿದ್ದೆ. ಅದಕ್ಕೇ ತಡಮಾಡಿದೆ.

ಮಾರೆಪ್ಪ ತನ್ನ ಹೆಂಡತಿಗೂ ಹೇಳಿರಬಹುದಲ್ಲ ಎಂದು ಹೊಳೆದು ರವಿವಾರ ಆ ಹಳ್ಳಿಗೆ ಹೋಗಿದ್ದೆ. ಅವಳ ಹೆಸರು ಭರಮವ್ವ. ಕೇರಿಯ ಕೊನೆಯ ಮನೆ. ಹೊರಗೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ನಾನು ಯಾರೆಂದು ಹೇಳಿದೆ, ಕೈ ಮುಗಿದೆ. ಅವಳು ಮೊರ ಕೆಳಗಿಡಲಿಲ್ಲ. “ನಿನ್ನ ತಮ್ಮಗ ನೀ ಅದಿ, ಅಪ್ಪ ಅದಾನ, ವಕೀಲರು ಅದಾರ. ನನ್ನ ಗಂಡಗ ಯಾರಿದ್ರು? ಸಾಯೂತನಕ ನೀರ ನೀರ ಅಂದ. ನನ್ನ ಬಾಯಿ ಬಿಡಸಬ್ಯಾಡ, ಎದ್ದ ಹೋಗವ್ವಾ” ಅಂದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂರು ಹರದಾರಿ ನಡೆದು ಬಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಾವು ಇಷ್ಟು ದಿನ ನಮ್ಮವನ ಕೊರಳನ್ನೇ ನೋಡುತ್ತ ಕೂತೆವು, ಆ ಮನುಷ್ಯನ ಸಾವಿಗೆ ನಾವಿಬ್ಬರೂ ಒಂದು ಸಾಲೂ ಬರೆದಿಲ್ಲ.

ನೀವು ವಕೀಲರ ಕಡೆಗೆ ಹೋಗಿರಿ. ನಿಮಗೆ ಅಂಜಿಕೆಯೆಂದು ಗೊತ್ತು. ನನಗೂ ಇದೆ. ಅಂಜಿಕೊಂಡೇ ಹೋಗಿರಿ.

ಸರೋಜವ್ವ


ಹಾನಗಲ್ಲ
೨೯ ಆಗಸ್ಟ್ ೧೯೪೩

ಚಿ. ಸರೋಜವ್ವಳಿಗೆ ಆಶೀರ್ವಾದ.

ಧಾರವಾಡಕ್ಕೆ ಹೋಗಿ ಬಂದೆ. ವಕೀಲರಿಗೆ ಎಲ್ಲ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ ಇದು: “ಸಂಬಂಧ ಇಲ್ಲಂತ ನೀವು ಬರಕೊಟ್ಟ ಕಾಗದ ಸರಕಾರದ ಫೈಲಿನಾಗ ಐತಿ ಹೌದಲ್ಲೋ?” ಹೌದೆಂದೆ. “ಹಂಗಾರ ಹುಡುಗ ಬದಕಿದ” ಎಂದರು.

ಅವರು ಬಿಡಿಸಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ತಂದೆ ಮಗನ ಪರ ಸಾಕ್ಷಿ ಹೇಳಿದರೆ ಕೋರ್ಟು ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ. ಯಾವ ಕಡೆಗೂ ಸೇರದ ಮನುಷ್ಯ ಬಂದು ಹೇಳಿದರೆ ಅದಕ್ಕೆ ತೂಕ. ಅಂಥವನಿಗೆ ಕೋರ್ಟಿನಲ್ಲೂ ಅದೇ ಶಬ್ದ, ಅನ್‌ಕನೆಕ್ಟೆಡ್ ಸಾಕ್ಷಿ. ಆದ್ದರಿಂದ ನಾನು ಹೇಳಬೇಕಾದದ್ದು: ಹಾಳೆ ಗಡಿಬಿಡಿಯಲ್ಲಿ ತಪ್ಪು ಗಂಟಿಗೆ ಸೇರಿತು, ಸುಡುವಾಗ ಆ ಎರಡು ಸಾಲು ಕಂಡೆ, ಆರೋಪಿ ನನಗೆ ಏನೂ ಆಗಬೇಕಾಗಿಲ್ಲ. ನೌಕರಿ ಹೋಗುತ್ತದೆ, ಜೇಲು ಆದರೂ ಆಗಬಹುದು. “ಆದ್ರ ಒಂದ ನೆನಪಿಡ್ರಿ. ಮಗ ಅಂತ ಒಂದ ಸಲ ಬಾಯಾಗ ಬಂದ್ರ ಮುಗೀತು” ಎಂದು ಮೂರು ಸಲ ಹೇಳಿದರು.

ನೌಕರಿಯ ಅಂಜಿಕೆ ಈಗ ಹೋಗಿದೆ. ಜೇಲಿನದೂ ಅಷ್ಟಾಗಿ ಇಲ್ಲ. ಅವನ ಎದುರಿಗೆ ನಿಂತು, ಅವನು ಕೇಳುವಂತೆ, ನೀನು ನನಗೆ ಏನೂ ಅಲ್ಲ ಎನ್ನಬೇಕಲ್ಲ, ಅದಕ್ಕೆ ಅಂಜುತ್ತೇನೆ. ಹಿಂದಿನ ಎರಡು ಸಹಿಗಳನ್ನು ಅವನು ನೋಡಿರಲಿಲ್ಲ.

ನೀನು ಬರಬಾರದಂತೆ. ನಿನ್ನ ಮುಖ, ಅವನ ಮುಖ ಒಂದೇ ಅಚ್ಚು. ಜಡ್ಜರು ಒಮ್ಮೆ ನೋಡಿದರೆ ಸಾಕು.

ಉಳವಪ್ಪ


ಹಿರೇಕೆರೂರು
೬ ಸೆಪ್ಟೆಂಬರ್ ೧೯೪೩

ಅಪ್ಪನವರಿಗೆ,

ಹೇಳಿಬಿಡಿ. ಅವನು ಬದುಕಿ ಬಂದು ನಿಮ್ಮ ಮೇಲೆ ಸಿಟ್ಟಾಗಲಿ. ನೂರು ವರ್ಷ ಮಾತು ಬಿಡಲಿ.

ಹೇಳುವಾಗ ಅವನ ಮುಖ ನೋಡಬೇಡಿ.

ಸರೋಜವ್ವ


ಧಾರವಾಡ
೨೭ ಸೆಪ್ಟೆಂಬರ್ ೧೯೪೩, ಸೋಮವಾರ

ಚಿ. ಸರೋಜವ್ವಳಿಗೆ ಅಪ್ಪನ ಆಶೀರ್ವಾದ.

ನೇಣು ಇಲ್ಲ. ಮೊದಲು ಇದನ್ನು ಓದಿ ಉಸಿರು ಬಿಡು. ಬೆಂಕಿ ಹಚ್ಚಿದ್ದಕ್ಕೆ ಹತ್ತು ವರ್ಷ ಶಿಕ್ಷೆ. ಖೂನಿಯ ಆರೋಪ ಬಿದ್ದುಹೋಯಿತು.

ಬಿದ್ದದ್ದು ನನ್ನ ಮಾತಿನಿಂದಲ್ಲ. ಅವನನ್ನು ಉಳಿಸಿದವಳು ಭರಮವ್ವ. ಪೊಲೀಸರು ತಮ್ಮ ಸಾಕ್ಷಿಯೆಂದೇ ಅವಳನ್ನು ಕರೆತಂದಿದ್ದರು, ಗಂಡ ಯಾರ ಹೆಸರು ಹೇಳಿದನೆಂದು ಕೇಳಲು. ಶುಕ್ರವಾರ ಬೆಳಿಗ್ಗೆ ಅವಳು ನಿಂತು, “ಅವನ ಹೆಸರ ಹೇಳಿದ್ದು ಖರೆ. ತನ್ನ ಎಳದ ಹೊರಗ ಹಾಕಿದಾಂವ ಅವನೇ ಅಂತನೂ ಹೇಳಿದ್ದು ಖರೆ. ಅರ್ಧಾ ಹೇಳಿ ಅರ್ಧಾ ಬಿಟ್ರ ನನ್ನ ಗಂಡ ಮೆಚ್ಚಂಗಿಲ್ಲರಿ” ಅಂದಳಂತೆ. ಇದು ನನಗೆ ಆಮೇಲೆ ಗೊತ್ತಾದದ್ದು. ಸಾಕ್ಷಿದಾರರನ್ನು ಹೊರಗೆ ಬೇವಿನ ಕೆಳಗೆ ಕೂಡ್ರಿಸುತ್ತಾರೆ, ಒಳಗಿನ ಮಾತು ಅಲ್ಲಿಗೆ ಬರುವುದಿಲ್ಲ. ಭರಮವ್ವ ಹೊರಗೆ ಬಂದಾಗ ನನ್ನ ಮುಂದೆಯೇ ಹಾದುಹೋದಳು. ನಾನು ತಲೆ ತಗ್ಗಿಸಿದೆ. ಅವಳು ಎಲ್ಲವನ್ನೂ ಕೆಡಿಸಿ ಬಂದಿರಬೇಕೆಂದು ತಿಳಿದು ಅಂಜಿದ್ದೆ.

ಮಧ್ಯಾಹ್ನ ನನ್ನ ಹೆಸರು ಕೂಗಿದರು. ಅವಳ ಮಾತಿಗೆ ಒತ್ತು ಕೊಡಲೆಂದು ವಕೀಲರು ನನ್ನನ್ನೂ ನಿಲ್ಲಿಸಿದರು. ನೀನು ಹೇಳಿದಂತೆ ಅವನ ಮುಖ ನೋಡಲಿಲ್ಲ. ಗಂಟು, ಹಾಳೆ, ಬೆಂಕಿ, ಎರಡು ಸಾಲು, ಎಲ್ಲ ಹೇಳಿದೆ. ಸರಕಾರಿ ವಕೀಲರು ಎದ್ದು, “ಈ ಆರೋಪಿ ನಿಮಗ ಏನಾಗಬೇಕು?” ಎಂದರು. “ಏನೂ ಆಗಬೇಕಾಗಿಲ್ಲರಿ” ಅಂದೆ. “ಹಂಗಾರ ಸಂಬಂಧ ಇಲ್ಲದವನ ಕಾಗದಕ್ಕ ಬೆಂಕ್ಯಾಗ ಕೈ ಯಾಕ ಹಾಕಿದ್ರಿ?” ಎಂದು ಕೇಳಿದರು. ಇದಕ್ಕೆ ನನಗೆ ಯಾರೂ ಉತ್ತರ ಕಲಿಸಿರಲಿಲ್ಲ. “ಸರಕಾರಿ ಕಾಗದರಿ, ಸುಡಬಾರದಿತ್ತು” ಅಂದೆ. ಜಡ್ಜರು ತಲೆಯಾಡಿಸಿ ಬರೆದುಕೊಂಡರು. ನಮ್ಮ ವಕೀಲರು ಸಾಕು ಎಂಬಂತೆ ಕಣ್ಣು ಮುಚ್ಚಿ ತೆರೆದರು. ಎಲ್ಲ ಸುಸೂತ್ರವಾಗಿತ್ತು. ಇಳಿದು ಬರುವುದಷ್ಟೇ ಉಳಿದಿತ್ತು.

ಆಮೇಲೆ ನಡೆದದ್ದರಿಂದ ನನ್ನ ಸಾಕ್ಷಿಯನ್ನು ಜಡ್ಜರು ಇಡಿಯಾಗಿ ತೆಗೆದುಹಾಕಿದರು. ಇಂದಿನ ತೀರ್ಪಿನಲ್ಲಿ, ಉಳವಪ್ಪ ಸುಳ್ಳು ಹೇಳಿದ್ದಾನೆ, ಅವನ ಮಾತಿಗೆ ಕಾಸಿನ ಬೆಲೆಯಿಲ್ಲ, ಭರಮವ್ವನದು ನಿಜ ಎಂದು ಬರೆದಿದ್ದಾರೆ. ಕಾಗದ ಸುಟ್ಟದ್ದಕ್ಕೆ, ಸುಳ್ಳು ಸಾಕ್ಷಿಗೆ ನನ್ನ ಮೇಲೆ ಬೇರೆ ಖಟ್ಲೆಯಾಗುತ್ತದೆ. ನಾಡಿದ್ದು ಹಾಜರಾಗಬೇಕು. ಈ ವಯಸ್ಸಿನಲ್ಲಿ ಜೇಲಿನ ಕಂಬಳಿ ಹೊದೆಯಬೇಕೆಂದರೆ ಅಂಜಿಕೆಯಾಗುತ್ತದೆ, ಇಲ್ಲವೆಂದರೆ ಸುಳ್ಳು. ನೀನು ಎರಡು ದಿನದ ರಜೆ ಹಾಕಿ ಬಾ. ಬರುವಾಗ ಭರಮವ್ವನ ಮನೆಗೆ ಹೋಗು. ಬಾಗಿಲು ತೆಗೆಯದಿದ್ದರೂ ಹೊರಗಿನಿಂದಲೇ ಕೈ ಮುಗಿದು ಬಾ.

ನಡೆದದ್ದು ಇಷ್ಟೇ. ಸಾಕ್ಷಿಕಟ್ಟೆಗೆ ಮರದ ಎರಡು ಮೆಟ್ಟಿಲು. ಕಣ್ಣು ಮಂಜಾಗಿ ಎರಡನೆಯದು ನನಗೆ ಕಾಣಲಿಲ್ಲ. ದತ್ತಕ ಕೊಟ್ಟ ದಿನದಿಂದ ಆ ಹುಡುಗ ನನ್ನನ್ನು, ಚಿಕ್ಕಪ್ಪನಿಗೆ ಅನ್ನುವಂತೆ, ಕಾಕಾ ಎಂದೇ ಕರೆದವನು, ಹಬ್ಬಕ್ಕೆ ಬಂದರೂ ಕಾಕಾ, ನಿಮ್ಮವ್ವನ ಮಣ್ಣಿಗೆ ಬಂದಾಗಲೂ ಕಾಕಾ. ಕಾಲು ತಪ್ಪಿ ನಾನು ಮುಗ್ಗರಿಸಿದಾಗ ಆರೋಪಿಯ ಕಟ್ಟೆಯಿಂದ “ಅಪ್ಪಾ!” ಎಂದು ಚೀರಿದ. ಇಡೀ ಕೋರ್ಟು ಕೇಳುವಂತೆ ನಾನು “ಓ” ಅಂದೆ.

ನಿನ್ನ ತಂದೆ
ಉಳವಪ್ಪ